ಬಿಳಿ ಗುಲಾಬೀನ ಸ್ವಲ್ಪ ಸುಮ್ನೆ ಬಿಡಿ

ಮೊದಲು ಒಂದು ಪ್ರಶ್ನೆ ಕೇಳ್ಬಿಡ್ತೀನಿ, ಸುಳ್ಳು ಹೇಳ್ಬೇಡಿ. ಮನೇಲಿ ಗುಲಾಬಿ ಗಿಡ ಸಾಯಿಸಿರೋರು ಎಷ್ಟು ಜನ? ಕೈ ಎತ್ತಿ. ಹಾಂ, ನೋಡಿ, ಹತ್ರ ಹತ್ರ ಎಲ್ರೂನೂ. ಆ ಮೂಲೇಲಿ ಕೂತಿರೋ ಸರ್ ಎರಡೂ ಕೈ ಎತ್ತಿದಾರೆ. ನಾನು 31 ವರ್ಷ ಆಫೀಸಲ್ಲಿ ಲೆಕ್ಕ ಬರೆದೋಳು, ಆ ಚಾಳಿ ಇನ್ನೂ ಹೋಗಿಲ್ಲ, ಗಿಡಗಳಿಗೂ ಒಂದು ಡೈರಿ ಇಟ್ಟಿದೀನಿ. ಅದರ ಪ್ರಕಾರ ನನ್ನ ಕೈಯಲ್ಲಿ ಸತ್ತ ಗುಲಾಬಿ ಒಟ್ಟು 14. ಅದ್ರಲ್ಲಿ ನೀರಿಲ್ದೆ ಸತ್ತಿದ್ದು ಎರಡೇ ಎರಡು, ಅದೂ ನಾವು ಕಾಶಿಗೆ ಹೋಗಿದ್ದಾಗ. ಮಿಕ್ಕ ಹನ್ನೆರಡೂ ನನ್ನ ಮುದ್ದು ತಡೀಲಾರ್ದೆ ಸತ್ತಿದ್ದು. ನೀರು ಜಾಸ್ತಿ, ಗೊಬ್ಬರ ಜಾಸ್ತಿ, ಔಷಧಿ ಜಾಸ್ತಿ, ದಿನಾ ಹೋಗಿ ಚಿಗುರು ಮುಟ್ಟಿ ಮುಟ್ಟಿ ನೋಡೋದು ಅದಕ್ಕಿಂತ ಜಾಸ್ತಿ.

ಮೊದಲನೇದು ತಳ್ಳುಗಾಡಿಯೋನ ಹತ್ರ ತಗೊಂಡಿದ್ದು. ಕೆಂಪು ಹೂವು, ಇದ್ದಿದ್ದು ಒಂದೇ, ಆದ್ರೆ ಅಂಗೈಯಷ್ಟಗಲ. "ವರ್ಷಪೂರ್ತಿ ಬಿಡತ್ತಮ್ಮ, ತಗೊಳಿ" ಅಂದ. ಎರಡು ತಿಂಗಳಿಗೆ ಕಡ್ಡಿ ಆಯ್ತು. ಕಿತ್ತು ನೋಡಿದ್ರೆ ಬೇರಿನ ಸುತ್ತ ಜೇಡಿಮಣ್ಣಿನ ಉಂಡೆ, ಇಟ್ಟಿಗೆ ಥರ ಗಟ್ಟಿ, ಒಂದು ಬೇರೂ ಆಚೆ ಬಂದಿಲ್ಲ. ನಾನು ಸುತ್ತ ಹಾಕಿದ್ದ ಗೊಬ್ಬರದ ಮಣ್ಣೆಲ್ಲ ಒದ್ದೆ ಮುದ್ದೆ, ಉಂಡೆ ಒಳಗೆ ಮಾತ್ರ ಒಣಗಿದ ಪುಡಿ. ನಮ್ಮೂರ ನರ್ಸರಿಗಳಿಗೆ ಬಹಳಷ್ಟು ಗಿಡ ಆಂಧ್ರದ ಕಡಿಯಂ ಕಡೆಯಿಂದ ಲಾರೀಲಿ ಬರತ್ತೆ, ಗೋದಾವರಿ ಸೀಮೆಯ ಅಂಟುಮಣ್ಣಲ್ಲಿ ಕಟ್ಟಿ ಕಳಿಸ್ತಾರೆ, ಅಷ್ಟು ದೂರದ ಪ್ರಯಾಣಕ್ಕೆ ಅದು ಸರೀನೇ, ಉಂಡೆ ಒಡೆಯಲ್ಲ ಬೇರು ಅಲ್ಲಾಡಲ್ಲ. ಮನೆಗೆ ಬಂದ್ಮೇಲೆ ಅದನ್ನ ಬಿಡಿಸೋ ಕೆಲಸ ನಮ್ದು. ಅದು ನನಗೆ ಗೊತ್ತಾಗೋ ಹೊತ್ತಿಗೆ ಇನ್ನೂ ಮೂರು ಸತ್ತಿತ್ತು.

ಹದಿನೈದನೇ ಗಿಡ ಐಸ್‌ಬರ್ಗ್ ಅನ್ನೋ ಬಿಳಿ ಗುಲಾಬಿ. ಅದು ನಮ್ಮನೇಲಿ ಈಗ 13 ವರ್ಷದಿಂದ ಇದೆ. ಇವತ್ತು ಮಾತಾಡೋದು ಅದೊಂದರ ಬಗ್ಗೆನೇ. ಜಾಸ್ತಿ ಆರೈಕೆ ಬೇಡದ, ಲೋ ಮೇಂಟೆನೆನ್ಸ್ ಗುಲಾಬಿ ಅಂತ ಇದನ್ನ ಹೇಳ್ತಾರೆ. ನರ್ಸರೀಲಿ ಈ ಹೆಸರು ಹೇಳಿದ್ರೆ ಕೆಲವರಿಗೆ ಗೊತ್ತಾಗಲ್ಲ, "ವೈಟ್ ಬಂಚ್ ರೋಸ್ ಕೊಡಿ, ಗೊಂಚಲು ಗೊಂಚಲಾಗಿ ಬಿಡತ್ತಲ್ಲ ಅದು" ಅಂದ್ರೆ ತಂದುಕೊಡ್ತಾರೆ. ಒಂದು ಹೂ ಅರಳಿರೋದನ್ನೇ ನೋಡಿ ತಗೊಳಿ, ಲೇಬಲ್ ನಂಬ್ಕೊಂಡು ತರ್ಬೇಡಿ.

ಈ ಗಿಡದ ಹುಟ್ಟು ಸ್ವಲ್ಪ ಹೇಳ್ತೀನಿ, ಕಥೆಗಾಗಿ ಅಲ್ಲ, ಆಮೇಲೆ ರೋಗದ ವಿಷಯ ಬಂದಾಗ ಇದು ಬೇಕಾಗತ್ತೆ. ಜರ್ಮನಿಯ ಹ್ಯಾಂಬರ್ಗ್ ಹತ್ರ ಸ್ಪಾರೀಸ್‌ಹೋಪ್ ಅಂತ ಒಂದು ಹಳ್ಳಿ, ಅಲ್ಲಿ ಕೊರ್ಡೆಸ್ ಅನ್ನೋ ಮನೆತನದೋರು ತಲೆಮಾರುಗಳಿಂದ ಗುಲಾಬಿ ತಳಿ ಮಾಡ್ತಾ ಬಂದಿದಾರೆ. ಆ ಮನೆಯ ರೈಮರ್ ಕೊರ್ಡೆಸ್ 1958ರಲ್ಲಿ ಇದನ್ನ ಆಚೆ ತಂದ್ರು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡದು ಈ ಗಿಡ. ತಾಯಿ ಕಡೆ 'ರಾಬಿನ್ ಹುಡ್', ಅದು ಇಂಗ್ಲೆಂಡಿನ ಪೆಂಬರ್ಟನ್ ಅನ್ನೋ ಪಾದ್ರಿ ಮಾಡಿದ್ದು, 1927ರದ್ದು, ಸಣ್ಣ ಸಣ್ಣ ಕೆಂಪು ಹೂವಿನ ದೊಡ್ಡ ಗೊಂಚಲು, ಪೊದೆ ಥರ ಬೆಳೆಯೋ ಗಿಡ. ತಂದೆ ಕಡೆ 'ವರ್ಗೊ', ಫ್ರಾನ್ಸಿನ ಮ್ಯಾಲರಿನ್ ಅನ್ನೋರು 1947ರಲ್ಲಿ ಕೊಟ್ಟ ಬಿಳಿ ಗುಲಾಬಿ, ಅಂಗಡೀಲಿ ಒಂಟಿ ಕಡ್ಡಿಗೆ ಒಂದು ಹೂ ಅಂತ ಮಾರ್ತಾರಲ್ಲ ಆ ಜಾತಿ, ನೋಡೋಕೆ ಚೆಂದ, ಆರೋಗ್ಯ ಅಷ್ಟಕ್ಕಷ್ಟೆ. ಮಗು ಬಣ್ಣಕ್ಕೆ ಅಪ್ಪನ್ನ ಹೋಲ್ತು, ಮೈಕಟ್ಟಿಗೆ ಅಮ್ಮನ್ನ. ಜರ್ಮನ್ನಲ್ಲಿ ಇದರ ಹೆಸರು ಷ್ನೀವಿಟ್‌ಶೆನ್, ಅಂದ್ರೆ ಮಕ್ಕಳ ಕಥೇಲಿ ಬರೋ ಸ್ನೋ ವೈಟ್. ಇಂಗ್ಲಿಷಿನೋರು ಅದನ್ನ ಹೇಳೋಕಾಗ್ದೆ ಐಸ್‌ಬರ್ಗ್ ಅಂದ್ರೋ ಏನೋ, ನನಗಂತೂ ಹೇಳೋಕಾಗಲ್ಲ. 1983ರಲ್ಲಿ ಜಗತ್ತಿನ ಗುಲಾಬಿ ಸಂಘಗಳ ಒಕ್ಕೂಟ ಇದನ್ನ ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸ್ತು.

ಒಂದು ವಿಷಯ ಯೋಚನೆ ಮಾಡಿ, ನಮ್ಮನೇದೂ ನಿಮ್ಮನೇದೂ ಆಸ್ಟ್ರೇಲಿಯಾದಲ್ಲಿ ಬೀದಿ ಬೀದೀಲಿ ಬೇಲಿ ಥರ ಹಾಕಿರೋದೂ ಎಲ್ಲ ಆ ಒಂದೇ ಗಿಡದ ಕಡ್ಡಿಯಿಂದ ಕಡ್ಡಿಗೆ ಬಂದಿದ್ದು. ಬೀಜದಿಂದ ಬಂದಿದ್ದಲ್ಲ. ಟಾಸ್ಮೇನಿಯಾದಲ್ಲಿ ಒಬ್ಬರ ತೋಟದಲ್ಲಿ ಬಿಳಿ ಗಿಡದ ಒಂದು ಕೊಂಬೆ ತನ್ನಷ್ಟಕ್ಕೆ ಪಿಂಕ್ ಹೂ ಬಿಡ್ತಂತೆ, ಅದನ್ನ ಬೇರೆ ಮಾಡಿ ಪಿಂಕ್ ಐಸ್‌ಬರ್ಗ್ ಆಯ್ತು, ಅದರಿಂದ ಆಮೇಲೆ ಕಡು ಬಣ್ಣದ ಬರ್ಗಂಡಿ ಐಸ್‌ಬರ್ಗೂ ಬಂತು. ಸರಿ, ವಿಷಯಕ್ಕೆ ಬರ್ತೀನಿ.

ಗಿಡ ಹೇಗಿರತ್ತೆ? ಸೊಂಟದ ಎತ್ತರ, ಮೂರು ನಾಲ್ಕಡಿ. ಮುಳ್ಳು ತೀರಾ ಕಮ್ಮಿ, ನಮ್ಮ ಮೊಮ್ಮಗಳು ಮೂರು ವರ್ಷದೋಳು ಕಡ್ಡಿ ಹಿಡ್ಕೊಂಡು ನಿಂತ್ಕೊಂಡಿರ್ತಾಳೆ. ಎಲೆ ತಿಳಿ ಹಸಿರು, ಸ್ವಲ್ಪ ಮಿಂಚತ್ತೆ. ಮೊಗ್ಗು ಚೂಪಗೆ ಉದ್ದಕ್ಕೆ, ಬಿರಿದ್ಮೇಲೆ ಹೂ ಚಪ್ಪಟೆಯಾಗಿ ತಟ್ಟೆ ಥರ ಆಗಿ ಮಧ್ಯದ ಹಳದಿ ಕೇಸರ ಕಾಣತ್ತೆ. ಪರಿಮಳ ಇದೆ, ಇಲ್ಲ ಅನ್ನಲ್ಲ, ಆದ್ರೆ ಪನ್ನೀರು ಗುಲಾಬಿ ಥರ ಅಂಗಳಕ್ಕೆಲ್ಲ ಹರಡಲ್ಲ, ಮೂಗು ಹತ್ರ ಇಡ್ಬೇಕು. ಒಂದು ಗೊಂಚಲಲ್ಲಿ ಐದರಿಂದ ಹನ್ನೆರಡು ಹೂ, ಒಂದಾದ್ಮೇಲೆ ಒಂದು ಬಿರಿಯೋದ್ರಿಂದ ಒಂದು ಗೊಂಚಲು ಎರಡು ವಾರ ನಡೆಯತ್ತೆ. ತಗೊಳೋವಾಗ ಒಂದು ಎಚ್ಚರಿಕೆ, ಇದೇ ಹೆಸರಲ್ಲಿ ಬಳ್ಳಿ ಜಾತೀನೂ ಇದೆ, ಕ್ಲೈಂಬಿಂಗ್ ಐಸ್‌ಬರ್ಗ್ ಅಂತ, 1968ರಿಂದ. ಅದು ಹತ್ತಡಿ ದಾಟತ್ತೆ. ಬಾಲ್ಕನಿಗೆ ಅಂತ ಅದನ್ನ ತಂದಿಟ್ರೆ ಆಮೇಲೆ ಮೇಲಿನ ಮನೆಯೋರ ಕಿಟಕೀಲಿ ಹೂ ಬಿಡತ್ತೆ.

ಜಾಗದ ವಿಷಯ. ಕನಿಷ್ಠ ಆರು ಗಂಟೆ ಬಿಸಿಲು, ಅದ್ರಲ್ಲೂ ಬೆಳಗಿನ ಬಿಸಿಲು ಬೇಕು. ಇದು ಎಲ್ಲರೂ ಹೇಳೋದೇ. ಯಾರೂ ಹೇಳದೇ ಇರೋದು ಗಾಳಿ. ನಮ್ಮ 30×40 ಸೈಟುಗಳಲ್ಲಿ ಕಾಂಪೌಂಡಿಗೂ ಗೋಡೆಗೂ ಮಧ್ಯ ಮೂರಡಿ ಸಂದಿ ಇರತ್ತಲ್ಲ, ಗಿಡ ಇಡೋಕೆ ಹೇಳಿ ಮಾಡ್ಸಿದ ಜಾಗ ಅನ್ಸತ್ತೆ. ಅಲ್ಲಿ ಗಾಳಿ ಓಡಾಡಲ್ಲ, ಮಳೆಗಾಲದಲ್ಲಿ ಎಲೆ ಮಧ್ಯಾಹ್ನದವರೆಗೂ ಒಣಗಲ್ಲ. ನನ್ನ ಐಸ್‌ಬರ್ಗ್ ಮೊದಲ ಐದು ವರ್ಷ ಗೇಟಿನ ಪಕ್ಕ ನೆಲದಲ್ಲೇ ಇತ್ತು, ಚೆನ್ನಾಗೇ ಇತ್ತು, ಎದುರು ಸೈಟಲ್ಲಿ ನಾಲ್ಕು ಅಂತಸ್ತು ಎದ್ದಿತು ನೋಡಿ, ಆ ವರ್ಷ ಡೈರೀಲಿ ಬರೆದಿದೀನಿ, "ಅಕ್ಟೋಬರ್, ಹೂ 6". ಹಿಂದಿನ ವರ್ಷ ಅದೇ ತಿಂಗಳು 71 ಇತ್ತು. ಬುಡ ಸಮೇತ ಎತ್ತಿ 16 ಇಂಚಿನ ಪಾಟಿಗೆ ಹಾಕಿ ಟೆರೇಸ್‌ಗೆ ಒಯ್ದ್ವಿ, ನಮ್ಮನೆಯೋರು ಸೊಂಟ ಹಿಡ್ಕೊಂಡು ಒಂದು ವಾರ ಮಲಗಿದ್ರು. ಗಿಡನೂ ಒಂದು ತಿಂಗಳು ಮಂಕಾಗಿತ್ತು. ಆಮೇಲೆ ಚಿಗುರ್ತು. ಸೋ ಇವತ್ತು ಬಿಸಿಲು ಇದ್ರೆ ಸಾಲ್ದು, ಎದುರಿಗೆ ಖಾಲಿ ಸೈಟ್ ಇದ್ಯಾ ಅಂತಾನೂ ನೋಡ್ಕೊಳಿ. ಇನ್ನೊಂದು, ಡಿಸೆಂಬರಲ್ಲಿ ಸೂರ್ಯ ದಕ್ಷಿಣಕ್ಕೆ ವಾಲ್ತಾನೆ, ಮನೆಯ ಉತ್ತರ ಪಕ್ಕ ಮೇ ತಿಂಗಳಲ್ಲಿ ಬಿಸಿಲಿರೋ ಜಾಗ ಆಗ ಪೂರ್ತಿ ನೆರಳು.

ನೆಡೋದು ಜೂನ್ ಜುಲೈ ಒಳ್ಳೇದು. ತಂದ ದಿನಾನೇ ನೆಡ್ಬೇಡಿ, ಒಂದು ವಾರ ಅರೆನೆರಳಲ್ಲಿ ಇಡಿ. ಆಮೇಲೆ ಕವರ್ ಕತ್ತರಿಸಿ ಆ ಮಣ್ಣಿನ ಉಂಡೇನ ಅರ್ಧ ಗಂಟೆ ಬಕೆಟ್ ನೀರಲ್ಲಿ ನೆನೆಹಾಕಿ, ಬೆರಳಲ್ಲಿ ಮೆಲ್ಲಗೆ ಹೊರಗಿನ ಒಂದಿಂಚು ಮಣ್ಣು ಕರಗಿಸಿ, ಬಿಳಿ ಬೇರಿನ ತುದಿ ಕಾಣ್ಬೇಕು, ಅಷ್ಟೇ, ಪೂರ್ತಿ ತೊಳೀಬೇಡಿ. ಮಣ್ಣು ಅಂದ್ರೆ ನಾನು ಹಾಕೋದು ಕೆಮ್ಮಣ್ಣು ಎರಡು ಪಾಲು, ಪುಡಿಪುಡಿಯಾದ ಹಳೇ ಸಗಣಿ ಗೊಬ್ಬರ ಒಂದು ಪಾಲು, ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ, ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ. ಸಗಣಿ ಗೊಬ್ಬರ ಹಳೇದಾಗಿರ್ಲೇಬೇಕು, ಹಸಿ ವಾಸನೆ ಇದ್ರೆ ಗೆದ್ದಲು, ಗೊಬ್ಬರದ ಹುಳ ಎಲ್ಲ ಜೊತೆಗೇ ಬರತ್ತೆ. ಪಾಟಾದ್ರೆ 14 ಇಂಚಿಗಿಂತ ಸಣ್ಣದು ಬೇಡ, ಕೆಳಗೆ ತಟ್ಟೆ ಇಡ್ಬೇಡಿ, ಇಟ್ರೂ ನಿಂತ ನೀರು ಚೆಲ್ಲಿ.

ಈಗ ಕಸಿ ಗಂಟು. ಬುಡದಲ್ಲಿ ಮೊಣಕಾಲು ಚಿಪ್ಪಿನ ಥರ ಒಂದು ಗಂಟಿರತ್ತೆ, ಅದರ ಕೆಳಗಿನದು ಕಾಡು ಗುಲಾಬಿ, ಮೇಲಿನದು ನಮ್ಮ ಗುಲಾಬಿ. ಆ ಗಂಟು ಮಣ್ಣಿನ ಮೇಲೆ ಎರಡು ಬೆರಳು ಕಾಣ್ತಾ ಇರ್ಬೇಕು. ಹಿಮ ಬೀಳೋ ದೇಶಗಳಲ್ಲಿ ಅದನ್ನ ಹೂಳ್ತಾರೆ, ಗಂಟು ಸಾಯಬಾರದು ಅಂತ, ನಮಗೆ ಆ ಕಷ್ಟ ಇಲ್ಲ. ಗಂಟಿನ ಕೆಳಗಿಂದ ಬರೋ ಚಿಗುರು ಕಾಡು ಚಿಗುರು, ಅದನ್ನ ತೆಗೀಬೇಕು. "ಏಳೆಲೆ ಇದ್ರೆ ಕಾಡು, ಐದೆಲೆ ಇದ್ರೆ ಊರು" ಅಂತ ಎಲ್ಲ ಕಡೆ ಹೇಳ್ತಾರೆ, ಅಂದ್ರೆ ಒಂದು ತೊಟ್ಟಲ್ಲಿರೋ ಎಲೆ ಎಣಿಸಿ. ದಯವಿಟ್ಟು ಇದನ್ನ ಮರೆತ್ಬಿಡಿ, ಐಸ್‌ಬರ್ಗ್‌ಗೇ ಎಷ್ಟೋ ಸಲ ಏಳೆಲೆ ಬರತ್ತೆ, ಆ ಮಾತು ಕೇಳಿ ನಾನು ಒಳ್ಳೇ ಕೊಂಬೆ ಎರಡು ಕತ್ತರಿಸಿದೀನಿ. ನಾನು ನೋಡೋ ಗುರುತು ಬೇರೆ. ಎಲೆಯ ತೊಟ್ಟು ಕಡ್ಡಿಗೆ ಸೇರೋ ಕಡೆ ಎರಡೂ ಪಕ್ಕ ಸಣ್ಣ ರೆಕ್ಕೆ ಥರ ಅಂಟ್ಕೊಂಡಿರತ್ತೆ, ಅಕ್ಕಿಕಾಳಿನಷ್ಟೋ ಸ್ವಲ್ಪ ಉದ್ದಕ್ಕೋ. ನಮ್ಮ ಕಡೆ ಬೇರುಗಿಡಕ್ಕೆ ಮಲ್ಟಿಫ್ಲೋರಾ ಅನ್ನೋ ಕಾಡು ಗುಲಾಬೀನ ತುಂಬಾ ಬಳಸ್ತಾರೆ, ಅದರ ಆ ರೆಕ್ಕೆ ಅಂಚು ನೋಡಿದ್ರೆ ಬಾಚಣಿಗೆ ಹಲ್ಲಿನ ಥರ ಸೀಳಿ ಸೀಳಿ ಇರತ್ತೆ, ರೆಪ್ಪೆಗೂದಲು ಇದ್ದ ಹಾಗೆ. ಐಸ್‌ಬರ್ಗಿನ ರೆಕ್ಕೆಗೆ ಅಷ್ಟುದ್ದದ ಹಲ್ಲಿಲ್ಲ. ಕನ್ನಡಕ ಹಾಕ್ಕೊಂಡು ನೋಡ್ಬೇಕು ಅಷ್ಟೆ.

ಇದು ಯಾಕಿಷ್ಟು ಹೇಳ್ತಿದೀನಿ ಅಂದ್ರೆ ಹಾಸನದಲ್ಲಿರೋ ನಮ್ಮಕ್ಕನ ಮನೇಲಿ ಆದ ಕಥೆ. ನಾನೇ ಕೊಟ್ಟಿದ್ದ ಗಿಡ. ಎರಡು ವರ್ಷ ಆದ್ಮೇಲೆ ಫೋನ್ ಮಾಡಿ, "ನೀನು ಕೊಟ್ಟ ಗುಲಾಬಿ ಯಾಕೋ ಜಾತಿ ಕೆಟ್ಟೋಯ್ತು ಕಣೇ, ಹೂ ಕೊತ್ತಂಬ್ರಿ ಹೂವಿನಷ್ಟಾಗ್ಬಿಟ್ಟಿದೆ" ಅಂದ್ಲು. ಹೋಗಿ ನೋಡಿದ್ರೆ ಗಿಡ ಏಳಡಿ, ಬಾಗಿ ಬಾಗಿ ಬಿದ್ದಿದೆ, ಮೈತುಂಬ ಐದೈದು ಎಸಳಿನ ಪುಟ್ಟ ಬಿಳಿ ಹೂವಿನ ಗೊಂಚಲು. ಮಲ್ಟಿಫ್ಲೋರಾ! ಕೆಂಪು ಗುಲಾಬಿ ಆಗಿದ್ರೆ ಮೊದಲನೇ ಹೂವಿಗೇ ಗೊತ್ತಾಗ್ತಿತ್ತು, ಇಲ್ಲಿ ಬಿಳಿ ಕೆಳಗಿಂದ ಬಿಳೀನೇ ಬಂದಿದ್ದಕ್ಕೆ ಅವಳಿಗೆ ಅನುಮಾನ ಬಂದಿಲ್ಲ, ಸಂತೋಷವಾಗಿ ನೀರು ಹಾಕಿದಾಳೆ. ಒಳಗೆ ನಮ್ಮ ಐಸ್‌ಬರ್ಗಿನ ಒಂದು ಒಣ ಕಡ್ಡಿ ಸಿಕ್ತು ಅಷ್ಟೇ. ಕಾಡು ಚಿಗುರನ್ನ ಕತ್ತರೀಲಿ ಕತ್ತರಿಸ್ಬೇಡಿ, ಮಣ್ಣು ಕೆದಕಿ ಎಲ್ಲಿಂದ ಹೊರಟಿದೆ ನೋಡಿ ಅಲ್ಲಿಂದ ಕಿತ್ತು ಎಳೀರಿ, ಕತ್ತರಿಸಿದ್ರೆ ಒಂದಿದ್ದ ಕಡೆ ಮೂರು ಬರತ್ತೆ.

ನೀರಿನ ವಿಷಯಕ್ಕೆ ಎರಡು ಮಾತು. ಬೆರಳು ಮಣ್ಣಲ್ಲಿ ಒಂದಿಂಚು ಇಳಿಸಿ, ಒಣಗಿದ್ರೆ ಹಾಕಿ, ತಂಪಿದ್ರೆ ವಾಪಸ್ ಹೋಗಿ ಕಾಫಿ ಕುಡೀರಿ. ನೆಲದಲ್ಲಿರೋ ಗಿಡಕ್ಕೆ ವಾರಕ್ಕೆ ಎರಡು ಸಲ ಸಾಕು, ಏಪ್ರಿಲ್ಲಲ್ಲಿ ಮೂರು. ಬುಡಕ್ಕೆ ಹಾಕಿ, ಬೆಳಗ್ಗೆ ಹಾಕಿ. ಬೋರ್‌ವೆಲ್ ನೀರು ಮಾತ್ರ ಇರೋರಿಗೆ ಒಂದು ತೊಂದರೆ ಬರತ್ತೆ, ಹೊಸ ಚಿಗುರೆಲೆ ಹಳದಿ ಆಗಿ ನರ ಮಾತ್ರ ಹಸಿರಾಗಿ ಉಳಿಯತ್ತೆ. ಮಣ್ಣಲ್ಲಿ ಕಬ್ಬಿಣದ ಅಂಶ ಇದ್ರೂ ಸುಣ್ಣದ ನೀರಿಂದ ಮಣ್ಣು ಕ್ಷಾರ ಆಗಿ ಬೇರಿಗೆ ಅದು ಸಿಗ್ತಾ ಇಲ್ಲ ಅಂತ ಅರ್ಥ. ಜನ ಅದಕ್ಕೆ ಇನ್ನೊಂದು ಹಿಡಿ ಗೊಬ್ಬರ ಹಾಕ್ತಾರೆ. ನಾನು ಮಳೆ ನೀರು ಎರಡು ಡ್ರಮ್ ಹಿಡಿದಿಟ್ಕೊಂಡು ಹದಿನೈದು ದಿನಕ್ಕೊಂದ್ಸಲ ಅದನ್ನ ಹಾಕ್ತೀನಿ, ವರ್ಷಕ್ಕೆ ಒಂದೆರಡು ಸಲ ಚೀಲೇಟೆಡ್ ಐರನ್, ಅಂದ್ರೆ ಬೇರಿಗೆ ಸಿಗೋ ರೂಪದ ಕಬ್ಬಿಣ, ಅಂತ ಸಿಗತ್ತೆ, ಪ್ಯಾಕೆಟ್ ಮೇಲೆ ಬರೆದಿರೋಷ್ಟೇ ಅಳತೆ.

ಗೊಬ್ಬರ ಅಂದ ತಕ್ಷಣ ಮೊಬೈಲಲ್ಲಿ ಬರೋ ವಿಡಿಯೋ ನೆನಪಾಗತ್ತೆ. "ಈ ಒಂದು ಚಮಚ ಹಾಕಿ, ನೂರು ಹೂ." ಈರುಳ್ಳಿ ಸಿಪ್ಪೆ ನೀರು, ಬಾಳೆಹಣ್ಣಿನ ಸಿಪ್ಪೆ ನೀರು, ಅಕ್ಕಿ ತೊಳೆದ ನೀರು, ಮಜ್ಜಿಗೆ, ಟೀ ಪುಡಿ, ಮೊಟ್ಟೆ ಸಿಪ್ಪೆ. ಎಲ್ಲಾನೂ ಒಂದೇ ಗಿಡಕ್ಕೆ ಹಾಕೋರು ಇದಾರೆ, ಅದೇನು ಗಿಡಾನೋ ಕಸದ ಡಬ್ಬಾನೋ? ಹಾಲು ಸಕ್ಕರೆ ಹಾಕಿ ಕುದಿಸಿದ ಟೀ ಚರಟ ತೊಳೀದೆ ಹಾಕಿದ್ರೆ ಇರುವೆ ಬರತ್ತೆ, ಬಂದ ಇರುವೆ ಹಿಟ್ಟು ತಿಗಣೇನ ಸಾಕ್ಕೊಳತ್ತೆ, ಅದು ಒಸರೋ ಸಿಹಿ ಇದಕ್ಕೆ ಬೇಕು, ತಿಗಣೆ ತಿನ್ನೋಕೆ ಬರೋ ಹುಳಗಳನ್ನ ಇರುವೆ ಓಡಿಸತ್ತೆ. ಒಂದು ಲೋಟ ಟೀ ಇಂದ ಶುರುವಾಗಿದ್ದು ನೋಡಿ. ನಾನು ಹಾಕೋದು ಎರಡು ತಿಂಗಳಿಗೆ ಎರಡು ಹಿಡಿ ಎರೆಗೊಬ್ಬರ, ಪ್ರೂನಿಂಗ್, ಅಂದ್ರೆ ಕೊಂಬೆ ಕತ್ತರಿಸೋದು, ಆದ್ಮೇಲೆ ಒಂದ್ಸಲ ಕಡಲೆಕಾಯಿ ಹಿಂಡಿ ಮೂರು ದಿನ ನೆನೆಹಾಕಿ ಹತ್ತರಷ್ಟು ನೀರು ಬೆರೆಸಿ. ಅದರ ನಾತ ಮಾತ್ರ ದೇವರಿಗೇ ಪ್ರೀತಿ. ಒಂದ್ಸಲ ಮೇಲ್ಮನೆ ಬಾಡಿಗೆಯೋರು "ಆಂಟಿ, ಎಲ್ಲೋ ಇಲಿ ಸತ್ತಿರಬೇಕು" ಅಂತ ಬಂದ್ರು, ನಾನು "ಹೌದಾ, ನೋಡೋಣ" ಅಂದೆ.

ಈಗ ಮುಖ್ಯವಾದ ಕೆಲಸ, ಕತ್ತರಿ. ವರ್ಷಕ್ಕೆ ಎರಡು ದಿನ ಧೈರ್ಯ ಮಾಡ್ಬೇಕು, ಮಿಕ್ಕ ದಿನ ಕತ್ತರಿ ಡ್ರಾಯರಲ್ಲಿರ್ಲಿ. ಬೆಂಗಳೂರು ಮೈಸೂರಿನ ಹವಾಮಾನಕ್ಕೆ ಒಂದು ಜೂನಲ್ಲಿ, ಇನ್ನೊಂದು ಮಳೆ ನಿಂತ್ಮೇಲೆ ನವೆಂಬರಲ್ಲಿ. ಪುಸ್ತಕಗಳಲ್ಲಿ ನೋಡಿ ಮೊಣಕಾಲಿಗೆ ಕತ್ತರಿಸ್ಬೇಡಿ, ಅದು ಬೇರೆ ಜಾತಿಗೆ, ಚಳಿಗೆ ಗಿಡ ನಿದ್ದೆ ಹೋಗೋ ಊರಿಗೆ ಹೇಳಿದ್ದು. ನಮ್ಮ ಕಡೆ ಐಸ್‌ಬರ್ಗ್ ನಿದ್ದೇನೇ ಮಾಡಲ್ಲ. ಮೂರನೇ ಒಂದು ಭಾಗ ತೆಗೆದ್ರೆ ಸಾಕು. ಕ್ರಮ ಹೇಳ್ತೀನಿ: ಮೊದಲು ಒಣಗಿದ್ದು ತೆಗೀರಿ, ಆಮೇಲೆ ಒಂದಕ್ಕೊಂದು ಉಜ್ಜೋ ಕೊಂಬೇಲಿ ಒಂದನ್ನ, ಆಮೇಲೆ ಪೆನ್ಸಿಲ್‌ಗಿಂತ ಸಪೂರ ಇರೋ ಪುಳ್ಳೆಗಳನ್ನ ಒಳಗಿಂದ. ಇಷ್ಟಾಗೋ ಹೊತ್ತಿಗೆ ಗಿಡದೊಳಗೆ ಬೆಳಕು ಕಾಣತ್ತೆ. ಕೊನೇಗೆ ಮೇಲಿಂದ ಒಂದಡಿ, ಹೊರಗಡೆ ಮುಖ ಮಾಡಿರೋ ಕಣ್ಣಿನ, ಅಂದ್ರೆ ಚಿಗುರು ಒಡೆಯೋ ಜಾಗದ, ಮೇಲೆ ಕಾಲಿಂಚು ಬಿಟ್ಟು. ಕತ್ತರಿ ಚೂಪಿರ್ಬೇಕು, ಕಡ್ಡಿ ಜಜ್ಜಿದ್ರೆ ಅಲ್ಲಿಂದ ಕಪ್ಪಗೆ ಒಣಗ್ತಾ ಕೆಳಗಿಳಿಯತ್ತೆ. ಹಾಗೆ ಇಳಿತಾ ಇದ್ರೆ ಇನ್ನೂ ಕೆಳಗೆ ಕತ್ತರಿಸಿ, ಒಳಗಿನ ತಿರುಳು ಬೆಳ್ಳಗೆ ಕಾಣೋವರೆಗೆ. ಕಂದು ಬಣ್ಣ ಕಂಡ್ರೆ ಇನ್ನೂ ಕೆಳಗೆ.

ಕತ್ತರಿಸಿದ ದಿನದಿಂದ ಹೂವಿಗೆ 45ರಿಂದ 50 ದಿನ. ಇದನ್ನ ಲೆಕ್ಕ ಇಟ್ಕೊಂಡ್ರೆ ಮಜಾ ಇದೆ. ಸಂಕ್ರಾಂತಿಗೆ ಹೂ ಬೇಕು ಅಂದ್ರೆ ನವೆಂಬರ್ ಕೊನೇ ವಾರ ಕತ್ತರಿ. ನಾನು ಹೋದ್ ವರ್ಷ ನವೆಂಬರ್ 27ಕ್ಕೆ ಕತ್ತರಿಸಿದ್ದೆ, ಜನವರಿ 13ಕ್ಕೆ ಮೊದಲನೇ ಮೊಗ್ಗು ಬಿರಿತು, ಎಳ್ಳು ಬೀರೋಕೆ ಬಂದೋರೆಲ್ಲ ಗಿಡದ ಮುಂದೆ ಫೋಟೋ ತೆಗೆಸ್ಕೊಂಡ್ರು. ಲಾಲ್‌ಬಾಗ್‌ನಲ್ಲಿ ಜನವರಿ 26ಕ್ಕೂ ಆಗಸ್ಟ್ 15ಕ್ಕೂ ಫ್ಲವರ್ ಶೋ ಇರತ್ತಲ್ಲ, ಶೋಗೆ ಅಂತ ಗುಲಾಬಿ ಬೆಳೆಸೋರು ಇದೇ ಥರ ದಿನ ಎಣಿಸಿಯೇ ಕತ್ತರಿ ಹಿಡಿಯೋದು.

ಬಾಡಿದ ಹೂ ತೆಗಿಯೋದೂ ಒಂದಿದೆ. ಐಸ್‌ಬರ್ಗ್ ಎಸಳು ತಾನೇ ಉದುರಿಸ್ಕೊಳತ್ತೆ, ಕಂದುಬಣ್ಣದ ಮುದ್ದೆಯಾಗಿ ಗಿಡದ ಮೇಲೇ ಕೂತಿರಲ್ಲ, ಅದಕ್ಕೇ ಸೋಮಾರಿಗಳಿಗೆ ಇದು ಹೊಂದತ್ತೆ. ಗೊಂಚಲು ಪೂರ್ತಿ ಮುಗಿದ್ಮೇಲೆ ಕೆಳಗಿನ ಮೊದಲನೇ ಐದೆಲೆ ಇರೋ ಜಾಗದ ಮೇಲೆ ಕತ್ತರಿಸಿ. ಒಂದು ವಾರ ತಡ ಆದ್ರೂ ಏನಾಗಲ್ಲ.

ಹೂ ವಿಷಯ ಬಂತಲ್ಲ, ಪೂಜೆಗಾಗತ್ತಾ ಅಂತ ಕೇಳ್ತಾರೆ. ನಮ್ಮತ್ತೆ ಇದ್ದಾಗ ಬಿಳಿ ಹೂ ಈಶ್ವರನಿಗೆ ಶ್ರೇಷ್ಠ ಅಂತ ಸೋಮವಾರ ಸೋಮವಾರ ಬುಟ್ಟಿ ಹಿಡ್ಕೊಂಡು ಬರೋರು. ಬಿಡಿ ಹೂವಾಗಿ ಏರಿಸಬಹುದು, ದಾರದಲ್ಲಿ ಕಟ್ಟೋಕೆ ಹೋಗ್ಬೇಡಿ, ಮಂಗಳಾರತಿ ಆಗೋಷ್ಟ್ರಲ್ಲಿ ಅರ್ಧ ಎಸಳು ನೆಲದ ಮೇಲೆ. ಮಾರ್ಕೆಟ್ಟಲ್ಲಿ ಹಾರಕ್ಕೆ ಹಾಕೋ ಬಟನ್ ರೋಸಿನ ಗಟ್ಟಿತನ ಇದಕ್ಕಿಲ್ಲ. ಆದ್ರೂ ನಮ್ಮ ಬೀದೀಲಿ ಬೆಳಗ್ಗೆ ಐದೂವರೆಗೆ ವಾಕಿಂಗ್ ಬರೋ ಹಿರಿಯರು ಪ್ಲಾಸ್ಟಿಕ್ ಕವರ್ ಹಿಡ್ಕೊಂಡೇ ಬರ್ತಾರೆ. ನೆಲದಲ್ಲಿದ್ದಾಗ ಕಾಂಪೌಂಡ್ ದಾಟಿ ಬಂದ ಗೊಂಚಲೆಲ್ಲ ಅವರ ದೇವರಿಗೇ. ಕೊಕ್ಕೆ ಕೋಲಿಂದ ಎಳೆಯೋರು, ಅರ್ಧ ಕೊಂಬೆ ಸೀಳ್ಕೊಂಡು ಬರ್ತಿತ್ತು. ಜಗಳ ಆಡೋದು ಬಿಟ್ಟು ನಾನೇ ಹಿಂದಿನ ರಾತ್ರಿ ಆರು ಹೂ ಕತ್ತರೀಲಿ ಕತ್ತರಿಸಿ ಗೇಟಿನ ಮೇಲೆ ಇಡೋಕೆ ಶುರು ಮಾಡಿದೆ. ಕೊಂಬೆ ಉಳೀತು.

ಈಗ ರೋಗ. ಲೋ ಮೇಂಟೆನೆನ್ಸ್ ಅಂದ್ರೆ ರೋಗ ಬರಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಐಸ್‌ಬರ್ಗ್‌ಗೆ ಮಳೆಗಾಲದಲ್ಲಿ ಕಪ್ಪು ಚುಕ್ಕೆ ರೋಗ ಬಂದೇ ಬರತ್ತೆ. ಎಲೆ ಮೇಲೆ ಕರಿ ಚುಕ್ಕೆ, ಅಂಚು ಮಸಿ ಚೆಲ್ಲಿದ ಹಾಗೆ ಹರಡಿರತ್ತೆ, ಸುತ್ತ ಹಳದಿ, ಆಮೇಲೆ ಎಲೆ ಉದುರತ್ತೆ. ಅಪ್ಪನ ಕಡೆಯ ದುರ್ಬಲ ಆರೋಗ್ಯ ಅಂದ್ನಲ್ಲ, ಅದು. 1958ರಲ್ಲಿ ತಳಿ ಆರಿಸೋವಾಗ ಔಷಧಿ ಹೊಡೆಯೋದು ಮಾಮೂಲು, ಹಾಗಾಗಿ ಔಷಧಿ ಇಲ್ದೆ ಯಾವುದು ಬದುಕತ್ತೆ ಅಂತ ಅಷ್ಟು ಕಟ್ಟುನಿಟ್ಟಾಗಿ ನೋಡ್ತಿರಲಿಲ್ಲ. ಜರ್ಮನಿಯಲ್ಲಿ ಹೊಸ ಗುಲಾಬಿಗಳಿಗೆ ಎಡಿಆರ್ ಅನ್ನೋ ಪರೀಕ್ಷೆ ಇದೆ, 1997ರಿಂದ ಆ ಪರೀಕ್ಷೆ ತೋಟಗಳಲ್ಲಿ ಔಷಧಿ ಹೊಡೆಯೋದೇ ನಿಲ್ಲಿಸಿದಾರೆ, ಬದುಕಿದ್ದಕ್ಕೆ ಪದಕ. ಅಂಥ ಗಟ್ಟಿ ಬಿಳಿ ಪೊದೆ ಗುಲಾಬಿಗಳು ಈಗ ಹೊರದೇಶದಲ್ಲಿ ಬೇಕಾದಷ್ಟಿವೆ. ನಮ್ಮ ಬೀದಿ ನರ್ಸರೀಲಿ ಸುಲಭವಾಗಿ ಸಿಗೋದು ಐಸ್‌ಬರ್ಗೇ, ಅದಕ್ಕೇ ಅದರ ಜೊತೆ ಹೊಂದ್ಕೊಂಡು ಹೋಗೋದು ಕಲೀಬೇಕು.

ಕಪ್ಪು ಚುಕ್ಕೆಯ ಶಿಲೀಂಧ್ರ ಮೊಳೆಯೋಕೆ ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿರ್ಬೇಕು. ಈ ಒಂದು ನಂಬರ್ ಗೊತ್ತಿದ್ರೆ ಅರ್ಧ ಕೆಲಸ ಆಯ್ತು. ರಾತ್ರಿ ಎಂಟಕ್ಕೆ ಪೈಪಲ್ಲಿ ಗಿಡಕ್ಕೆ ಸ್ನಾನ ಮಾಡಿಸಿದ್ರೆ ಬೆಳಗ್ಗೆ ಏಳಕ್ಕೆ ಹನ್ನೊಂದು ಗಂಟೆ, ನೀವೇ ಕೂತು ಬೀಜ ಬಿತ್ತಿದ ಹಾಗೆ. ಗಾಳಿ ಆಡೋ ಜಾಗ, ಒಳಗಿನ ಪುಳ್ಳೆ ತೆಗಿಯೋದು, ಬುಡಕ್ಕೆ ನೀರು, ಎಲ್ಲ ಇದಕ್ಕೇ. ಬುಡದಿಂದ ಒಂದಡಿವರೆಗಿನ ಎಲೆ ಜೂನಲ್ಲೇ ತೆಗೆದ್ಬಿಡಿ, ಮಳೆ ಹನಿ ಮಣ್ಣಿಂದ ಸಿಡಿದು ಮೊದಲು ಹತ್ತೋದು ಅಲ್ಲಿಗೇ. ಉದುರಿದ ಎಲೆ ಗುಡಿಸಿ ಕಾಂಪೋಸ್ಟಿಗೆ ಹಾಕ್ದೆ ಕಸಕ್ಕೆ ಹಾಕಿ. ಇಷ್ಟಾದ್ಮೇಲೂ ಆಗಸ್ಟಲ್ಲಿ ಗಿಡ ಅರ್ಧ ಬೋಳಾಗತ್ತೆ. ಆಗ್ಲಿ. ನಾನು ಮೊದಲೆಲ್ಲ ಹೆದರಿ ವಾರವಾರ ಸ್ಪ್ರೇ ಮಾಡ್ತಿದ್ದೆ, ಈಗ ಏಳು ವರ್ಷದಿಂದ ಒಂದು ಹನಿ ಹೊಡೆದಿಲ್ಲ, ಪ್ರತಿ ಸೆಪ್ಟೆಂಬರಲ್ಲೂ ನೋಡೋಕಾಗಲ್ಲ, ಪ್ರತಿ ಡಿಸೆಂಬರಲ್ಲೂ ತುಂಬ್ಕೊಂಡಿರತ್ತೆ.

ಚಳೀಲಿ ಬೂದಿ ರೋಗ ಸ್ವಲ್ಪ ಬರತ್ತೆ, ಚಿಗುರಿನ ಮೇಲೆ ಪೌಡರ್ ಹಾಕಿದ ಹಾಗೆ. ಅಂಥ ತುದಿ ಚಿವುಟಿ ಬಿಸಾಕಿ. ಫೆಬ್ರವರಿ ದಾಟಿದ್ರೆ ಥ್ರಿಪ್ಸ್. ಬಿಳಿ ಹೂ ಅಂದ್ರೆ ಅದಕ್ಕೆ ಬಲು ಇಷ್ಟ, ಮೊಗ್ಗಿನೊಳಗೇ ನುಗ್ಗಿ ಎಸಳಿನ ಅಂಚು ಕಂದು ಮಾಡತ್ತೆ, ಇಸ್ತ್ರಿ ಪೆಟ್ಟಿಗೆ ತಾಗಿ ಸುಟ್ಟ ಹಾಗೆ. ಒಂದು ಹೂ ಕಿತ್ತು ಬಿಳಿ ಹಾಳೆ ಮೇಲೆ ಕೊಡವಿ ನೋಡಿ, ಕೂದಲೆಳೆಯಷ್ಟು ಸಪೂರ ಹುಳ ಓಡಾಡತ್ತೆ. ಮೊಗ್ಗಿನೊಳಗಿರೋದ್ರಿಂದ ಮೇಲೆ ಹೊಡೆದ ಔಷಧಿ ತಾಗೋದೂ ಕಷ್ಟ. ನಾನು ಆ ಸುತ್ತಿನ ಮೊಗ್ಗನ್ನೆಲ್ಲ ತೆಗೆದು ಕವರಲ್ಲಿ ಕಟ್ಟಿ ಎಸೀತೀನಿ, ಮುಂದಿನ ಸುತ್ತಿಗೆ ಮಳೆ ಒಂದೆರಡು ಬಂದಿರತ್ತೆ.

ಇಲ್ಲೊಬ್ರು ಮೇಡಂ ಕೇಳ್ತಿದಾರೆ, ಬಿಳಿ ಹೂ ಮೇಲೆ ಪಿಂಕ್ ಪಿಂಕ್ ಚುಕ್ಕೆ ಬರತ್ತೆ, ಅಂಗಡಿಯೋನು ಮೋಸ ಮಾಡಿದ್ನಾ ಅಂತ. ಇಲ್ಲ ಮೇಡಂ. ಎರಡು ಕಾರಣ ಇರತ್ತೆ. ಚಳಿ ಇದ್ದಾಗ ಐಸ್‌ಬರ್ಗ್ ಮೊಗ್ಗಿಗೆ ತೆಳು ಗುಲಾಬಿ ಛಾಯೆ ಬರೋದು ಅದರ ಸ್ವಭಾವ, ಚೆನ್ನಾಗೂ ಕಾಣತ್ತೆ. ಚುಕ್ಕೆ ಚುಕ್ಕೆಯಾಗಿ, ಸಣ್ಣ ಉಂಗುರದ ಥರ ಇದ್ರೆ ಅದು ಮಳೆಗೆ ಇಬ್ಬನಿಗೆ ಎಸಳಿಗೆ ಹತ್ತೋ ಬೂಷ್ಟು. ಗಿಡಕ್ಕೇನಾಗಲ್ಲ, ಆ ಹೂ ತೆಗೆದ್ಬಿಡಿ.

ಇನ್ನೊಬ್ರು ಮಂಗಳೂರಿನೋರು, ಅಲ್ಲಿ ಬರತ್ತಾ ಅಂತ. ನಿಜ ಹೇಳ್ಲಾ? ಅಷ್ಟು ಮಳೆ, ಅಷ್ಟು ಸೆಕೆಗೆ ಈ ಗಿಡ ಅಲ್ಲಿ ಖುಷಿಯಾಗಿರಲ್ಲ. ಪಾಟಲ್ಲಿಟ್ಟು ಜೂನಿಂದ ಸೆಪ್ಟೆಂಬರ್ ಮಾಡಿನ ಕೆಳಗೆ, ಬೆಳಕಿರೋ ಕಡೆ ಇಟ್ಕೊಂಡ್ರೆ ಆಗ್ಬಹುದು. ಶಂಕರಪುರ ಮಲ್ಲಿಗೆ ಪಕ್ಕದಲ್ಲೇ ಇಟ್ಕೊಂಡು ಇದಕ್ಯಾಕೆ ಒದ್ದಾಡ್ತೀರಿ ಅಂತ ನನಗನ್ಸತ್ತೆ. ಕಲಬುರಗಿ ರಾಯಚೂರು ಕಡೆ ಉಲ್ಟಾ, ಒಣ ಹವೆ ಆದ್ರಿಂದ ಕಪ್ಪು ಚುಕ್ಕೆ ಕಮ್ಮಿ, ಆದ್ರೆ ಮಾರ್ಚಿಂದ ಮಧ್ಯಾಹ್ನದ ನೆರಳು ಬೇಕೇ ಬೇಕು, ಜೊತೆಗೆ ಕೆಂಪು ಜೇಡ ನುಸಿ ಬರತ್ತೆ, ಎಲೆಯ ಕೆಳಗಡೆಗೆ ಬೆಳಗ್ಗೆ ಜೋರಾಗಿ ನೀರು ಹೊಡೆದ್ರೆ ಹೋಗತ್ತೆ. ಮಗಳು ಅಮೆರಿಕದಲ್ಲಿದಾಳೆ ಅಂದ್ರಲ್ಲ ಸರ್, ಅಲ್ಲಿ ನಾಕ್‌ಔಟ್ ಅಂತ ಪೊದೆ ಗುಲಾಬಿ ಎಲ್ಲ ಕಡೆ ಸಿಗತ್ತೆ, ಮಿಲ್ವಾಕಿಯ ವಿಲಿಯಂ ರ್ಯಾಡ್ಲರ್ ಮಾಡಿದ್ದು, 2000ದಲ್ಲಿ ಬಂತು, ಅದರಲ್ಲಿ ಬಿಳೀನೂ ಇದೆ. ಕಪ್ಪು ಚುಕ್ಕೆ ತಡ್ಕೊಳತ್ತೆ. ಆದ್ರೆ ಅಲ್ಲಿ ರೋಸ್ ರೊಸೆಟ್ ಅನ್ನೋ ವೈರಸ್ ಇದೆ, ಕೆಂಪಗೆ ಪೊರಕೆ ಥರ ಚಿಗುರು ಬಂದ್ರೆ ಕಿತ್ತು ಎಸೀಬೇಕು ಅಂತ ಅವಳಿಗೆ ಹೇಳಿ.

ಕೊನೇದು, ಕಡ್ಡಿ. ಐಸ್‌ಬರ್ಗ್ ಕಸಿ ಇಲ್ದೆ ಕಡ್ಡಿಯಿಂದಾನೂ ಬೇರು ಬಿಡತ್ತೆ, ಆಗ ನಮ್ಮಕ್ಕನ ಮನೆ ಕಥೆ ಆಗೋ ಭಯಾನೇ ಇಲ್ಲ. ಹೂ ಮುಗಿದ ಕೊಂಬೇಲಿ ಪೆನ್ಸಿಲ್ ದಪ್ಪದ್ದು, ಆರಿಂಚು, ಕೆಳಗಡೆ ಕಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಮೇಲೆ ಎರಡೆಲೆ ಬಿಟ್ಟು ಮಿಕ್ಕಿದ್ದು ತೆಗೆದು ಮರಳು ಕೋಕೋಪೀಟ್ ಮಿಶ್ರಣದೊಳಗೆ ಕಡ್ಡೀನ ಅರ್ಧಕ್ಕಿಂತ ಜಾಸ್ತಿ ಇಳಿಸಿ. ಮೇಲೆ ತಳ ಕತ್ತರಿಸಿದ ನೀರಿನ ಬಾಟಲಿ ಹೊದಿಸಿ, ಮುಚ್ಚಳ ತೆಗೆದಿಡಿ, ನೆರಳಲ್ಲಿರ್ಲಿ. ಐದಾರು ವಾರ. ಚಿಗುರು ಬಂತು ಅಂತ ಕುಣೀಬೇಡಿ, ಕಡ್ಡಿಯೊಳಗಿನ ಶಕ್ತಿಯಿಂದಾನೂ ಚಿಗುರತ್ತೆ. ಬೇರು ಬಂತಾ ಅಂತ ಎತ್ತಿ ನೋಡೋ ಆಸೆ ಆಗತ್ತೆ, ನನಗೂ ಆಗತ್ತೆ, ಆ ಎಳೇ ಬೇರು ದಾರಕ್ಕಿಂತ ಸಪೂರ, ಎತ್ತಿದ ತಕ್ಷಣ ಮುರಿಯತ್ತೆ.

ಬಾಗಿಲ ಹತ್ರ ಬಕೆಟ್ಟಲ್ಲಿ ಒದ್ದೆ ಬಟ್ಟೆ ಸುತ್ತಿ 40 ಕಡ್ಡಿ ಇಟ್ಟಿದೀನಿ, ಇವತ್ತು ಬೆಳಗ್ಗೆ ಕತ್ತರಿಸಿದ್ದು. ಮನೆಗೊಂದು ಸಾಲ್ದು, ಎರಡೆರಡು ತಗೊಳಿ, ಒಂದು ಹೋಗತ್ತೆ. ಸಂಜೆ ಒಳಗೆ ನೆಟ್ಬಿಡಿ. ಆ ಮೂಲೆ ಸರ್, ನೀವು ನಾಲ್ಕು ತಗೊಳಿ.